ಗುರುತಿನ ಕಾಯಿ ಮತ್ತು ನನ್ನ ಎರಡು ಸಾಲು

ಇಲ್ಲಿ ಬರುವ ತೆಂಗಿನಕಾಯಿಗಳ ಸಂಖ್ಯೆಯನ್ನು ದಯವಿಟ್ಟು ಪೂರ್ತಿ ನಂಬಬೇಡಿ. ಸಾವಿರದ ನಾನೂರು ಎಂದು ನನ್ನ ನೆನಪು ಹೇಳುತ್ತದೆ. ಆ ದಿನದ ಡೈರಿಯಲ್ಲಿ ಸಾವಿರದ ಇನ್ನೂರು ಎಂದಿದೆ. ಡೈರಿ ಬರೆದವಳೂ ನಾನೇ ಆದ್ದರಿಂದ ಅದಕ್ಕೆ ಹೆಚ್ಚಿನ ಗೌರವ ಕೊಡಲು ಕಾರಣ ಕಾಣುವುದಿಲ್ಲ. ಡೈರಿಯ ಪ್ರಕಾರ ಅವತ್ತು ಮೋಡ. ನೆನಪಿನ ಪ್ರಕಾರ ಚುರುಗುಟ್ಟುವ ಬಿಸಿಲು. ಇಬ್ಬರೂ ಒಪ್ಪುವ ಸಂಗತಿ ಒಂದೇ: ಬಿಳಿಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಯಾವುದೋ ದೇಶದವರು ಬರೆದ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ನಾನೊಂದು ತಪ್ಪು ಕಂಡುಹಿಡಿದೆ.

ಆಗ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿ. ವಿಷಯ ಸಂಖ್ಯಾಶಾಸ್ತ್ರ. ಮನೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಸಿಕ್ಕ ಸಿ.ಡಿ.ಯನ್ನು ತುರುಕಿ, ಮುಕ್ತ ತಂತ್ರಾಂಶವೆಂಬ ಲೋಕವನ್ನು ಪ್ರವೇಶಿಸಿದ್ದೆ. ಅಲ್ಲಿ ಪ್ರೋಗ್ರಾಮು ಮಾಡಿದವರು ಅದನ್ನು ಮಾಡಿದ ರೀತಿಯನ್ನೂ ಜೊತೆಗೇ ಕೊಟ್ಟುಬಿಡುತ್ತಾರೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ವಾಪಸು ಕಳಿಸಬಹುದು. ಸಾರಿಗೆ ಉಪ್ಪು ಸಾಲದೆಂದು ಊಟಕ್ಕೆ ಬಂದವರೇ ಅಡುಗೆಮನೆಗೆ ಹೋಗಿ ಉಪ್ಪು ಹಾಕಿ ಬಂದ ಹಾಗೆ. ನಮ್ಮ ಕಡೆ ಹಾಗೆ ಮಾಡಿದವರನ್ನು ಮತ್ತೆ ಊಟಕ್ಕೆ ಕರೆಯುವುದಿಲ್ಲ. ಅವರು ಕೃತಜ್ಞತೆಯ ಪಟ್ಟಿಯಲ್ಲಿ ಹೆಸರು ಹಾಕುತ್ತಾರೆ.

ಆ ಪಟ್ಟಿಯನ್ನು ನೋಡಿದ ದಿನವೇ ನನ್ನ ನೆಮ್ಮದಿ ಹೋಯಿತು. ನಾಲಿಗೆ ತಿರುಗದ ಹೆಸರುಗಳ ನಡುವೆ ನನ್ನದೂ ಒಂದು ಇರಬೇಕು ಅನ್ನಿಸಿತು. ಆದರೆ ಹೆಸರು ಬರಬೇಕಾದರೆ ತಪ್ಪು ಸಿಗಬೇಕು. ನೆಂಟರ ಮನೆಗೆ ಹೋದ ಅತ್ತೆಯ ಹಾಗೆ ನಾನು ಒಂದೊಂದೇ ಪ್ರೋಗ್ರಾಮಿನ ಡಬ್ಬಿ ತೆರೆದು ಮೂಸತೊಡಗಿದೆ. ದೊಡ್ಡ ಪ್ರೋಗ್ರಾಮುಗಳಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಕೊನೆಗೆ ಸಿಕ್ಕಿದ್ದು, ಕೆರೆಗೆ ಬರುವ ಹಕ್ಕಿಗಳನ್ನು ಎಣಿಸುವವರಿಗೆಂದು ಮಾಡಿದ ಪುಟ್ಟ ಪ್ರೋಗ್ರಾಮು. ಹಕ್ಕಿ ಕಂಡಾಗೆಲ್ಲ ಒಂದು ಗುಂಡಿ ಒತ್ತಬೇಕು. ಪ್ರತಿ ನೂರಕ್ಕೂ ಅದು ‘ಕುಂಯ್’ ಅನ್ನುತ್ತದೆ. ಅಷ್ಟೇ. ಇಷ್ಟು ಸಣ್ಣದರಲ್ಲಿ ತಪ್ಪು ಎಲ್ಲಿ ಅಡಗೀತು ಎಂದು ಮೊದಲು ಬೇಜಾರಾಯಿತು.

ಬಿಳಿಗೆರೆಯಲ್ಲಿ ಹಕ್ಕಿ ಎಣಿಸುತ್ತ ಕೂತರೆ ಮನೆಯವರು ಬೇರೆ ಏನೋ ಅಂದುಕೊಳ್ಳುತ್ತಾರೆ. ಅದೃಷ್ಟಕ್ಕೆ ಅವತ್ತು ಅಂಗಳದಲ್ಲಿ ದೊಡ್ಡಪ್ಪ ತೆಂಗಿನಕಾಯಿ ಎಣಿಸುತ್ತಿದ್ದರು. ನಮ್ಮಲ್ಲಿ ಎಣಿಸುವ ಕ್ರಮ ಹೀಗೆ: ಕೈಗೆ ಎರಡರಂತೆ ಒಂದು ಸಲಕ್ಕೆ ನಾಲ್ಕು ಕಾಯಿಯನ್ನು ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಎಸೆಯುವುದು. ಇಪ್ಪತ್ತೈದು ಎಸೆತಕ್ಕೆ ನೂರು. ನೂರಾದ ತಕ್ಷಣ ಒಂದು ಕಾಯಿಯನ್ನು ಪಕ್ಕದಲ್ಲಿಡುವುದು. ಅದು ಗುರುತಿನ ಕಾಯಿ. ಕೊನೆಗೆ ಗುರುತಿನ ಕಾಯಿ ಎಷ್ಟಿವೆಯೋ ಅಷ್ಟು ನೂರು. ಎಣಿಸುವಾಗ ಯಾರಾದರೂ ಬಂದು ಮಾತಾಡಿಸಿದರೂ ಲೆಕ್ಕ ತಪ್ಪುವುದಿಲ್ಲ, ತಪ್ಪಿದರೂ ನೂರರೊಳಗೇ ತಪ್ಪುತ್ತದೆ. ಹುಳಿಯಾರಿನ ಕಡೆ ಕುರಿಯವರು ಇದೇ ಕೆಲಸಕ್ಕೆ ಬೆಣಚುಕಲ್ಲು ಇಡುತ್ತಾರೆಂದು ಕೇಳಿದ್ದೇನೆ. ಲ್ಯಾಟಿನ್ನಿನಲ್ಲಿ ಕ್ಯಾಲ್ಕುಲಸ್ ಎಂದರೂ ಬೆಣಚುಕಲ್ಲೇ. ಲೆಕ್ಕದ ಆ ದೊಡ್ಡ ಶಾಸ್ತ್ರಕ್ಕೆ ಹೆಸರು ಬಂದದ್ದು ಅಲ್ಲಿಂದ. ಇದನ್ನು ತರಗತಿಯಲ್ಲಿ ವರ್ಷಕ್ಕೊಮ್ಮೆ ಹೇಳುತ್ತಿದ್ದೆ. ಇದರಿಂದ ನಾನೇ ಕಲಿಯಬಹುದಾದದ್ದು ಏನಾದರೂ ಇದೆಯೆಂದು ಹೊಳೆದಿರಲಿಲ್ಲ.

ಕಿಟಕಿಯ ಪಕ್ಕ ಕಂಪ್ಯೂಟರು. ಹೊರಗೆ ದೊಡ್ಡಪ್ಪ ಎಸೆಯುತ್ತ ಹೋದರು, ಒಳಗೆ ನಾನು ಕಾಯಿಗೊಂದರಂತೆ ಗುಂಡಿ ಒತ್ತುತ್ತ ಹೋದೆ. ದೊಡ್ಡಪ್ಪ ‘ನೂರು’ ಅಂದರು, ಕಂಪ್ಯೂಟರು ‘ಕುಂಯ್’ ಅಂದಿತು. ನನಗೆ ರೋಮಾಂಚನ. ಇನ್ನೂರಕ್ಕೆ ಮಾತ್ರ ಕಂಪ್ಯೂಟರು ಒಂದು ಕಾಯಿ ಮೊದಲೇ ಕೂಗಿತು. ಮುನ್ನೂರಕ್ಕೆ ಎರಡು ಕಾಯಿ ಮೊದಲು. ಹೀಗೆ ಪ್ರತಿ ನೂರಕ್ಕೂ ಅದರ ಅವಸರ ಹೆಚ್ಚುತ್ತ ಹೋಗಿ, ದೊಡ್ಡಪ್ಪ ಸಾವಿರದ ನಾನೂರಕ್ಕೆ ಮುಗಿಸಿದಾಗ ಪರದೆಯ ಮೇಲೆ ಸಾವಿರದ ನಾನೂರ ಹದಿನಾಲ್ಕು ಇತ್ತು.

ಒಬ್ಬ ಮನುಷ್ಯ ಮತ್ತು ಒಂದು ಯಂತ್ರದ ನಡುವೆ ವ್ಯತ್ಯಾಸ ಬಂದರೆ ಯಾರನ್ನು ನಂಬಬೇಕು? ಎಂ.ಎಸ್ಸಿ. ಓದಿದವಳು ಯಂತ್ರವನ್ನು ನಂಬಬೇಕಿತ್ತು. ನಾನು ದೊಡ್ಡಪ್ಪನನ್ನು ನಂಬಿದೆ. ಅವರ ಎಣಿಕೆಯನ್ನು ಪ್ರಶ್ನಿಸಿದವರು ನಮ್ಮ ವಂಶದಲ್ಲೇ ಇಲ್ಲ. ಗುರುತಿನ ಕಾಯಿ ಎತ್ತಿಟ್ಟಾಗಲೂ ನಾನು ಗುಂಡಿ ಒತ್ತುತ್ತಿದ್ದೆ ಎಂಬುದು ಆಗ ತಲೆಗೆ ಬರಲೇ ಇಲ್ಲ. ಕಾಯಿ ಕದಲಿತು, ಒತ್ತಿದೆ. ನೂರಕ್ಕೊಂದು ಹೆಚ್ಚು ಎಣಿಸುವ ರೋಗ ಪ್ರೋಗ್ರಾಮಿಗಿದೆ ಎಂದು ತೀರ್ಮಾನಿಸಿ, ಎರಡೇ ಎರಡು ಸಾಲಿನ ಮದ್ದು ಬರೆದೆ: ಪ್ರತಿ ನೂರಾದ ಮೇಲೆ ಒಂದು ಒತ್ತನ್ನು ಲೆಕ್ಕಕ್ಕೆ ಹಿಡಿಯಬೇಡ.

ಆ ಎರಡು ಸಾಲನ್ನು ಫ್ಲಾಪಿಗೆ ಹಾಕಿ, ಫ್ಲಾಪಿಯನ್ನು ಊಟದ ಡಬ್ಬಿಯ ಬ್ಯಾಗಿನಲ್ಲಿಟ್ಟು ಬಸ್ಸು ಹತ್ತಿದೆ. ತಿಪಟೂರಿನ ಇಂಟರ್‌ನೆಟ್ ಸೆಂಟರಿನಾತ ಅದನ್ನು ಮೂಸಿ ನೋಡಿ, “ಮೇಡಮ್ಮೋರೆ, ಮೊಸ್ರನ್ನದ ವಾಸ್ನೆ ಹೊಡೀತದಲ್ರೀ” ಅಂದ. ಆದರೂ ಅದು ಓದಿಕೊಂಡಿತು. ಪ್ರೋಗ್ರಾಮನ್ನು ನೋಡಿಕೊಳ್ಳುವ ಯಜಮಾನರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಎರಡು ಸಾಲಿನ ತಿದ್ದುಪಡಿಗೆ ಎರಡು ಪುಟದ ಕಾಗದ. ನಿಮ್ಮ ಘನವಾದ ಕೃತಿಯಲ್ಲಿ ಅಲ್ಪಳಾದ ನಾನು, ಇತ್ಯಾದಿ.

ಊರಿಗೆ ವಾಪಸು ಬಂದು ದೊಡ್ಡಮ್ಮನಿಗೆ ಹೇಳಿದೆ. ಅದು ನನ್ನ ಎರಡನೆಯ ತಪ್ಪು. ಮರುದಿನ ನೀರಿಗೆ ಹೋದಾಗ ಮೂರು ಮನೆಯವರು ವಿಚಾರಿಸಿದರು. ದೊಡ್ಡಮ್ಮ ಎಲ್ಲರಿಗೂ ಹೇಳಿದ್ದು ಒಂದೇ ಮಾತು: “ಫಾರಿನ್ನೋರ ಕಂಪ್ಯೂಟ್ರು ಕೆಟ್ಟೋಗಿತ್ತಂತೆ ಕಣೇ. ನಮ್ ಹುಡ್ಗಿ ಇಲ್ಲಿಂದ್ಲೇ ರಿಪೇರಿ ಮಾಡೌಳೆ. ಇವ್ಳೆಸ್ರು ಬರ್ಕಂತಾರಂತೆ ಅಲ್ಲಿ.” ಇನ್ನು ಹೆಸರು ಬರದಿದ್ದರೆ ನಾನು ತುರುವೇಕೆರೆಗೋ ಮಾಯಸಂದ್ರಕ್ಕೋ ಗುಳೆ ಹೋಗಬೇಕಿತ್ತು.

ಮೂರು ದಿನಕ್ಕೆ ಉತ್ತರ ಬಂತು. ಯಜಮಾನರು ಬಹಳ ಸಭ್ಯರು. ನನ್ನ ಶ್ರಮಕ್ಕೆ ವಂದಿಸಿ, ಒಂದು ಸಂದೇಹ ಕೇಳಿದ್ದರು: ನೂರಾ ಒಂದನೆಯ ಹಕ್ಕಿ ಮಾಡಿದ ಅಪರಾಧವೇನು, ಅದನ್ನೇಕೆ ಎಣಿಸಬಾರದು? ನಾನು ಗುರುತಿನ ಕಾಯಿಯ ಪದ್ಧತಿಯನ್ನು ಸವಿಸ್ತಾರವಾಗಿ ವಿವರಿಸಿದೆ. ಅವರು ಮತ್ತೆ ಬರೆದರು: “ತುಂಬ ಚೆನ್ನಾಗಿದೆ. ಆದರೆ ನಾನು ಬಾತುಕೋಳಿಯನ್ನು ಗುರುತಿಗೆಂದು ಪಕ್ಕಕ್ಕಿಟ್ಟರೆ ಅದು ನಿಲ್ಲುವುದಿಲ್ಲ.”

ಅದನ್ನು ಓದಿದ ಕ್ಷಣದಲ್ಲಿ ನನಗೆ ಎಲ್ಲವೂ ಹೊಳೆಯಿತು. ಕುರಿಯವರ ಕಲ್ಲು ಕುರಿಯಲ್ಲ, ಅದನ್ನು ಯಾರೂ ಕುರಿಯೆಂದು ಎಣಿಸುವುದಿಲ್ಲ. ನಮ್ಮ ಗುರುತಿನ ಕಾಯಿ ಮಾತ್ರ ಕಾಯಿಯೇ. ಎಣಿಸಬೇಕಾದ ವಸ್ತುವನ್ನೇ ಎಣಿಕೆಯ ಗುರುತಿಗೂ ಇಟ್ಟುಕೊಂಡು ಕೂರುವ ಬುದ್ಧಿವಂತರು ನಾವು. ನಾಚಿಕೆಯಿಂದ ಸೆಂಟರಿನ ಕುರ್ಚಿಯೊಳಗೆ ಇಳಿದುಹೋದೆ. ತಪ್ಪೊಪ್ಪಿಕೊಂಡು, ತಿದ್ದುಪಡಿಯನ್ನು ದಯವಿಟ್ಟು ಹರಿದುಹಾಕಿ ಎಂದು ಬರೆದೆ.

ಆದರೆ ಆ ಪುಣ್ಯಾತ್ಮರು ಹರಿಯಲಿಲ್ಲ. ತೆಂಗಿನಕಾಯಿ ಎಣಿಸುವವರಿಗೂ ಪ್ರೋಗ್ರಾಮು ಉಪಯೋಗವಾಗಲಿ, ಬೇಕಾದವರು ಮಾತ್ರ ಹಾಕಿಕೊಳ್ಳುವ ಅನುಕೂಲವಾಗಿ ಅದನ್ನು ಸೇರಿಸುತ್ತೇನೆ, ನಿಮ್ಮ ಹೆಸರನ್ನೂ ಪಟ್ಟಿಗೆ ಹಾಕುತ್ತೇನೆ ಎಂದರು. ಒಂದೇ ಒಂದು ವಿವರ ಬೇಕಿತ್ತು. ಗುರುತಿನ ಕಾಯಿಯನ್ನು ಎಣಿಸಿದ ರಾಶಿಯಿಂದ ತೆಗೆಯುತ್ತೀರೋ, ಎಣಿಸಬೇಕಾದ ರಾಶಿಯಿಂದಲೋ? ಅಂದರೆ ಅದು ನೂರರ ಒಳಗೋ, ಹೊರಗೋ? ಒಳಗಾದರೆ ಒತ್ತುವುದೇ ಬೇಡ. ಹೊರಗಾದರೆ ನೂರಕ್ಕೆ ನೂರಾ ಒಂದಿರುತ್ತದೆ.

ಹುಟ್ಟಿದಾಗಿನಿಂದ ಆ ಕಾಯಿಗಳ ಪಕ್ಕದಲ್ಲೇ ಆಡಿಕೊಂಡು ಬೆಳೆದವಳು ನಾನು. ಅವು ಯಾವ ರಾಶಿಯಿಂದ ಬರುತ್ತಿದ್ದವೆಂದು ಎಷ್ಟು ಕಣ್ಣು ಮುಚ್ಚಿ ಯೋಚಿಸಿದರೂ, ದೊಡ್ಡಪ್ಪನ ಕೈ ಮಾತ್ರ ಕಾಣುತ್ತದೆ, ರಾಶಿ ಕಾಣುವುದಿಲ್ಲ. ಒಂದು ಸಲ ಎಡಗಡೆಯಿಂದ, ಒಂದು ಸಲ ಬಲಗಡೆಯಿಂದ. ಕೇಳಿಯೇ ಬಿಡೋಣವೆಂದು ಮನೆಗೆ ಬಂದೆ. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಜಗಲಿಯ ಮೇಲಿದ್ದರು.

“ನೂರಂದ್ರೆ ನೂರು ಕಣವ್ವ” ಅಂದರು. “ಅದ್ರಾಗೆ ಒಳ್ಗೇನು, ಹೊರ್ಗೇನು?”

“ಹೊರ್ಗೇ ಕಣ್ರೀ” ಎಂದು ದೊಡ್ಡಮ್ಮ ಒಳಗಿನಿಂದಲೇ ಹೇಳಿದರು. “ಅದ್ಕೇ ಅಲ್ವಾ ನಾನು ಗುರ್ತಿನ ಕಾಯ್ನೆಲ್ಲ ಅಡ್ಗೆಗೆ ಇಟ್ಕಳದು.”

ದೊಡ್ಡಪ್ಪನ ಬಾಯಿ ಅರ್ಧಕ್ಕೆ ನಿಂತಿತು. “ಅಡ್ಗೆಗಾ? ಯಾವತ್ನಿಂದ?”

“ಮದ್ವೆಯಾಗಿ ಬಂದಾಗ್ನಿಂದ. ನಿಮ್ಮವ್ವನೇ ತೋರ್ಸ್ಕೊಟ್ಟಿದ್ದು. ಚಟ್ನಿ ತಿನ್ನೋವಾಗ ಕೇಳ್ನಿಲ್ಲ, ಈಗ ಕೇಳ್ತೀರಲ್ಲ.”

ಒಳಗಾಗಿದ್ದರೆ ನಮ್ಮ ಮನೆಯ ಪ್ರತಿ ನೂರೂ ತೊಂಬತ್ತೊಂಬತ್ತು. ಅಂದರೆ ಊರಿನಲ್ಲೇ ಕೈ ಶುದ್ಧವೆಂದು ಹೆಸರಾದ ದೊಡ್ಡಪ್ಪ, ಕಾಯಿ ಕೊಂಡವರಿಗೆಲ್ಲ ಚಟ್ನಿಯಷ್ಟು ಕಡಿಮೆ ಕೊಟ್ಟಂತಾಯಿತು. ಹೊರಗಾಗಿದ್ದರೆ ದೊಡ್ಡಮ್ಮನ ಮಾತೇ ಸರಿ, ಮತ್ತು ಅದನ್ನು ಒಪ್ಪಿಕೊಳ್ಳುವ ಅಭ್ಯಾಸ ದೊಡ್ಡಪ್ಪನಿಗಿಲ್ಲ. ಅವರು ಇನ್ನೊಂದು ಎಲೆಯ ತೊಟ್ಟು ಮುರಿದು, “ಬುಡು, ತೋಟ್ದಾಗೆ ನೀರು ಬಿಟ್ಟಿವ್ನಿ” ಎಂದು ಎದ್ದು ಹೋದರು. ಅವತ್ತು ಕರೆಂಟಿರಲಿಲ್ಲ, ಪಂಪು ಓಡುವ ಪ್ರಶ್ನೆಯೇ ಇರಲಿಲ್ಲ. ಇದನ್ನು ಮಾತ್ರ ನಾನು ಖಂಡಿತವಾಗಿ ನೆನಪಿಟ್ಟುಕೊಂಡಿದ್ದೇನೆ.

ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವರಿಗೆ ಅರ್ಥವಾಗಿರಬೇಕು, ಅವರಿಗೂ ಒಬ್ಬ ದೊಡ್ಡಪ್ಪ ಇದ್ದಿರಬಹುದು. ಮುಂದಿನ ಆವೃತ್ತಿಯಲ್ಲಿ ನನ್ನ ಎರಡು ಸಾಲುಗಳಿವೆ, ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ದೊಡ್ಡಮ್ಮನ ಮಾನವೂ ಉಳಿಯಿತು. ಆದರೆ ಆ ಸಾಲುಗಳು ಸದ್ಯಕ್ಕೆ ಕೆಲಸ ಮಾಡುವುದಿಲ್ಲ. ಅವುಗಳ ತಲೆಯ ಮೇಲೆ ಯಜಮಾನರು ಒಂದು ಟಿಪ್ಪಣಿ ಬರೆದು, ಬೀಗ ಹಾಕಿದ್ದಾರೆ: ಲೇಖಕಿಯ ದೊಡ್ಡಪ್ಪನ ಉತ್ತರಕ್ಕಾಗಿ ಕಾಯಲಾಗುತ್ತಿದೆ.

ನಾಲ್ಕು ವರ್ಷವಾಯಿತು. ಈಗ ಆ ಪ್ರೋಗ್ರಾಮು ನನಗೆ ಗೊತ್ತಿಲ್ಲದ ಎಷ್ಟೋ ಊರುಗಳಲ್ಲಿ ಹಕ್ಕಿ ಎಣಿಸುತ್ತಿರಬಹುದು, ಎಲ್ಲ ಕಡೆಯೂ ನನ್ನ ದೊಡ್ಡಪ್ಪನಿಗಾಗಿ ಕಾಯುತ್ತ. ಕಾಯಿ ಕೀಳಿಸಿದಾಗಲೆಲ್ಲ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ನಾನು ನಿಂತಿದ್ದರೆ ಅವರು ಎಣಿಸುವುದಿಲ್ಲ, ಒಳಗೆ ಬಂದರೆ ಎಣಿಸಿ ಮುಗಿಸಿರುತ್ತಾರೆ. ಕಳೆದ ವಾರ ಮಾತ್ರ ಮರೆತು ತೊಂಬತ್ತಾರರವರೆಗೆ ಬಂದುಬಿಟ್ಟಿದ್ದರು. ಕೊನೆಯ ನಾಲ್ಕನ್ನೂ ಎಸೆದರು. ಗುರುತಿಗೆ ಕೈ ಚಾಚಬೇಕು, ಅಷ್ಟರಲ್ಲಿ ನನ್ನನ್ನು ಕಂಡರು. ಎರಡು ರಾಶಿಗಳ ನಡುವೆ ಅವರ ಕೈ ಹಾಗೇ ನಿಂತಿತು.

“ದೊಡ್ಡಪ್ಪಾ” ಅಂದೆ, “ಯಾವ್ದ್ರಿಂದ ತಗೀತೀಯ?”