ದ್ರಾಕ್ಷಾಯಣಿಯ ಫ್ಲ್ಯಾಶು, ಚೇತನ್‌ಕುಮಾರನ ಟವೆಲ್ಲು

ಗಂಡಸಿಯ ಬಸ್ ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ದ್ರಾಕ್ಷಾಯಣಿ, ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡದೆ ಒಂದು ದಿನವೂ ಕಾಫಿ ಕಾಯಿಸಿದವಳಲ್ಲ. ಗ್ಯಾಸಿನವನು ಸಿಲಿಂಡರ್ ಇಳಿಸಿದರೆ ತಾನೇ ಎತ್ತಿ ತೂಕ ನೋಡುತ್ತಾಳೆ. ಯಾರಾದರೂ ಜಾಸ್ತಿ ಹೊಗಳಿದರೆ ಇವರಿಗೇನೋ ಬೇಕಾಗಿದೆ ಎಂದು ಹುಬ್ಬು ಗಂಟಿಕ್ಕುತ್ತಾಳೆ. ಗಂಡ ಮಹಾಂತೇಶ್ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಮಂಡಿಯಿಂದ ಬರುವುದು ಸ್ವಲ್ಪ ತಡವಾದರೂ ಅವನ ಪಾಡು ದೇವರಿಗೇ ಪ್ರೀತಿ. ಹಾಗಾಗಿ ಪಾಪ, ಅವನು ತಡವಾಗುವುದನ್ನೇ ಬಿಟ್ಟಿದ್ದಾನೆ.

ಕ್ಯಾಮೆರಾ ಕೊಂಡವನು ಅವನೇ. ಹೊಸದರಲ್ಲಿ ಹುಮ್ಮಸ್ಸಿನಿಂದ ನಾಲ್ಕು ಫೋಟೋ ಹೊಡೆದು ಬೀರುವಿಗೆ ಹಾಕಿ ಮರೆತ. ಅಂಗಡಿಯವನು ಗಂಡನಿಗೆ ಟೋಪಿ ಹಾಕಿದ್ದಾನೋ ಏನೋ ನೋಡೋಣ ಎಂದು ದ್ರಾಕ್ಷಾಯಣಿ ಅದನ್ನು ಹೊರಗೆ ತೆಗೆದಳು. ಪರೀಕ್ಷೆ ಮುಗಿಯುವಷ್ಟರಲ್ಲಿ ಅವಳ ಕೈ ಕುದುರಿತ್ತು. ಮದುವಣಗಿತ್ತಿ ಸೀರೆ ಉಡುವ ಕೋಣೆಗೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವಂತಿಲ್ಲವಲ್ಲ, ಅಲ್ಲಿಂದ ಕೆಲಸ ಶುರುವಾಯಿತು. ಬರಬರುತ್ತ ಬೇಲೂರು, ಹಳೇಬೀಡಿನ ಕಡೆಯ ಮದುವೆಗಳೂ ಅವಳನ್ನೇ ಕರೆಯತೊಡಗಿದವು.

ವಿಡಿಯೋ ತೆಗೆಯಲು ಮೊದಲಿನಿಂದಲೂ ಜೊತೆಗಿದ್ದವನು ಮಾದಿಹಳ್ಳಿಯ ಚೇತನ್‌ಕುಮಾರ್. ಅವಳದೇ ವಯಸ್ಸು, ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಟವೆಲ್. ವಯಸ್ಸು ಒಂದೇ ಆದರೂ 'ಅಕ್ಕಾ' ಎಂದೇ ಕರೆಯುತ್ತಿದ್ದ. ದ್ರಾಕ್ಷಾಯಣಿ ಅವನನ್ನು ನಂಬುತ್ತಿದ್ದಳು. ಎಂದರೆ, ಉಳಿದವರಿಗಿಂತ ಸ್ವಲ್ಪ ಕಡಿಮೆ ಅನುಮಾನಿಸುತ್ತಿದ್ದಳು.

ಬೇಲೂರಿನಲ್ಲಿ ಹೊಸ ಸ್ಟುಡಿಯೋ ಒಂದು ಬಂತು ನೋಡಿ, ಆ ಸ್ವಲ್ಪವೂ ಹೋಯಿತು. ಅವರ ಹತ್ತಿರ ಡ್ರೋನ್ ಇದೆಯಂತೆ, ಒಳ್ಳೆ ಕೆಲಸಗಾರರನ್ನು ಹುಡುಕುತ್ತಿದ್ದಾರಂತೆ. ಅದೇ ಹೊತ್ತಿಗೆ ಚೇತನ್‌ಕುಮಾರ್ ಫೋನ್ ಬಂದರೆ ಎದ್ದು ಆಚೆ ಹೋಗಿ ಮಾತಾಡತೊಡಗಿದ. ಅದಾದ ಮೇಲೆ ಒಂದು ಮದುವೆಗೆ ಹೋಗುವಾಗ ಅವಳು ವ್ಯಾನಿನ ಕನ್ನಡಿಯಲ್ಲಿ ಇನ್ನೊಂದು ಸಂಗತಿಯನ್ನು ಕಂಡಳು. ಹಿಂದಿನ ಸೀಟಿನಲ್ಲಿ ಅವನು ಅವಳ ಬ್ಯಾಗು ತೆರೆದು, ಕ್ಯಾಮೆರಾದ ತಲೆಗೆ ಸಿಕ್ಕಿಸುವ ಫ್ಲ್ಯಾಶನ್ನು ಕೈಗೆತ್ತಿಕೊಂಡು, ಟವೆಲ್ಲಿನ ಮರೆಯಲ್ಲಿ ಅದಕ್ಕೇನೋ ಮಾಡಿ, ಮೊದಲಿದ್ದಂತೆಯೇ ಇಟ್ಟ.

"ಏನೋ ಅದು?"

"ಏನಿಲ್ಲ ಅಕ್ಕಾ, ಧೂಳು."

ಮುಂದಿನ ಮದುವೆಗೆ ಹೋಗುವಾಗಲೂ ಅದೇ ಧೂಳು. ಧೂಳು ಒರೆಸುವವನು ಕ್ಯಾಮೆರಾ ಬಿಟ್ಟು ಫ್ಲ್ಯಾಶನ್ನು ಮಾತ್ರ ಯಾಕೆ ಒರೆಸಬೇಕು? ಇವನು ಒಳಗೊಳಗೇ ಅದನ್ನು ಕೆಡಿಸುತ್ತಿದ್ದಾನೆ, ತನ್ನ ಹೆಸರು ಹಾಳುಮಾಡಿ ಬೇಲೂರಿನವರಿಗೆ ದಾರಿ ಮಾಡಿಕೊಡುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದಳು. "ಇನ್ಮೇಲೆ ನನ್ ಬ್ಯಾಗ್ ಮುಟ್ಬೇಡ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು. ಚೇತನ್‌ಕುಮಾರ್ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ಆ ಸುಮ್ಮನಾಗುವಿಕೆಯೂ ಅವಳ ಲೆಕ್ಕಕ್ಕೆ ಒಂದು ಸಾಕ್ಷಿಯಾಯಿತು.

ಎಡವಟ್ಟಾದದ್ದು ಆಮೇಲೆ. ಹಳೇಬೀಡಿನ ಕಡೆ ಒಂದು ಸಣ್ಣ ಈಶ್ವರನ ಗುಡಿಯಲ್ಲಿ ಬೆಳಗಿನ ಜಾವದ ಮುಹೂರ್ತ. ಕಲ್ಲಿನ ಮಂಟಪ, ಎರಡು ಮಂಕು ಬಲ್ಬು, ಸುತ್ತ ದೀಪ. ಗಟ್ಟಿಮೇಳ ಎಂದರು, ಓಲಗ ಏರಿತು, ಹುಡುಗ ತಾಳಿ ಎತ್ತಿದ. ದ್ರಾಕ್ಷಾಯಣಿ ಗುಂಡಿ ಒತ್ತಿದಳು. ಲೆನ್ಸು ಸರ್ರೆಂದು ಮುಂದೆ ಹೋಯಿತು, ಸರ್ರೆಂದು ಹಿಂದೆ ಬಂತು, ಕತ್ತಲಲ್ಲಿ ಕನ್ನಡಕ ತಡಕುವ ಮುದುಕನ ಹಾಗೆ. ಫೋಕಸ್ ಸಿಗದೆ ಕ್ಯಾಮೆರಾ ಕ್ಲಿಕ್ ಆಗಲೊಲ್ಲದು, ಕ್ಲಿಕ್ ಆಗದೆ ಫ್ಲ್ಯಾಶ್ ಬೆಳಗಲೊಲ್ಲದು. ಕೈಯಲ್ಲೇ ಫೋಕಸ್ ತಿರುಗಿಸಬೇಕೆಂಬುದು ಹೊಳೆಯುವ ಹೊತ್ತಿಗೆ ಮೂರು ಗಂಟೂ ಬಿದ್ದು, ಅಕ್ಷತೆ ಅವಳ ತಲೆಯ ಮೇಲೂ ಬಿದ್ದಿತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಮಂಟಪದ ಕೆಳಗೆ, ಊಟಕ್ಕೆ ಹೊರಟಿದ್ದ ಬೀಗರೆಲ್ಲರ ಎದುರಿಗೆ, ಚೇತನ್‌ಕುಮಾರನ ಬ್ಯಾಗು ಕಿತ್ತುಕೊಂಡು ಚಾಪೆಯ ಮೇಲೆ ಸುರಿದಳು.

"ಎಷ್ಟು ದಿನದಿಂದ ಕಾಯ್ತಿದ್ದೆ ಇದಕ್ಕೆ? ಬೇಲೂರಿನೋರು ಹೇಳ್ಕೊಟ್ರಾ?"

ಬ್ಯಾಗಿನಿಂದ ಬ್ಯಾಟರಿ, ಚಾರ್ಜರು, ಬಾಳೆಹಣ್ಣು ಬಿದ್ದವು. ಜನ ನೋಡುತ್ತ ನಿಂತರು. ಚೇತನ್‌ಕುಮಾರ್ ಕೂತು ಎಲ್ಲವನ್ನೂ ಒಂದೊಂದಾಗಿ ಹೆಕ್ಕಿ ಒಳಗೆ ಹಾಕಿದ. ಆಮೇಲೆ ವಿಡಿಯೋ ಕ್ಯಾಮೆರಾದಿಂದ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟ.

"ತಾಳಿ ಕಟ್ಟಿದ್ದು ಇದ್ರಾಗೈತೆ. ಫೋಟೋ ತೆಕ್ಕೊಡಿ ಅವರಿಗೆ. ನಾನು ಬತ್ತೀನಿ."

ಹೋದ. ದ್ರಾಕ್ಷಾಯಣಿ ಆ ಕಾರ್ಡು ಖಾಲಿಯಿರಬಹುದೆಂದು ಅಲ್ಲೇ ಹಾಕಿ ನೋಡಿದಳು. ಖಾಲಿಯಿರಲಿಲ್ಲ. ತಾಳಿ ಕಟ್ಟುವ ಕೈ, ಹುಡುಗಿಯ ತಗ್ಗಿದ ಮುಖ, ಎಲ್ಲ ಚೊಕ್ಕವಾಗಿತ್ತು.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಕತ್ತಲು ಮಾಡಿ ಫ್ಲ್ಯಾಶನ್ನು ಪರೀಕ್ಷಿಸಿದಳು. ಅದರ ಮುಂಭಾಗದಲ್ಲಿ ಕಡುಗೆಂಪಿನ ಒಂದು ಚಿಕ್ಕ ಕಿಟಕಿ ಇದೆ. ಬೆಳಕು ಸಾಲದಾಗ ಅಲ್ಲಿಂದ ಎದುರಿನವರ ಮೇಲೆ ಕೆಂಪು ಗೆರೆಗಳು ಬೀಳುತ್ತವೆ, ಆ ಗೆರೆ ನೋಡಿಕೊಂಡು ಲೆನ್ಸು ಫೋಕಸ್ ಹಿಡಿಯುತ್ತದೆ. ಗೋಡೆಯ ಮೇಲೆ ಗೆರೆ ಬೀಳಲಿಲ್ಲ. ಬ್ಯಾಟರಿ ಬದಲಿಸಿದಳು, ಸ್ವಿಚ್ಚು ನೋಡಿದಳು, ಬೀಳಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದು ಅವಳಿಗೆ ಒಂದು ಥರದ ಸಮಾಧಾನವೇ ಆಯಿತು.

ಮಾರನೆಯ ದಿನ ರಿಪೇರಿಗೆಂದು ಅರಸೀಕೆರೆಗೆ ಹೊರಟಾಗ ಅತ್ತೆ ಸಿದ್ದಲಿಂಗಮ್ಮ ಪೂಜೆ ಮುಗಿಸಿ ಬಂದರು.

"ದೂರ ಹೊಂಟೀಯ, ತತ್ತಾ ಇಲ್ಲಿ."

ಫ್ಲ್ಯಾಶನ್ನು ಕೈಗೆ ತೆಗೆದುಕೊಂಡು, ಒದ್ದೆ ಮಾಡಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಆ ಕೆಂಪು ಕಿಟಕಿಯ ಉದ್ದಗಲಕ್ಕೂ ಎಳೆದರು.

"ಅತ್ತೆ! ಅಲ್ಲಿಗ್ಯಾಕೆ?"

"ಇನ್ನೆಲ್ಲಿಗೆ? ಅದರ ಹಣೆ ಅಲ್ವೇನೇ ಅದು?"

"ಯಾವತ್ತಿಂದ ಹಿಂಗೆ ಹಚ್ತಿದೀರ?"

"ನೀನು ಮೊದಲನೇ ಮದುವೆಗೆ ಹೋದಾಗಿಂದ. ಹಚ್ಚದೆ ಯಾವತ್ತು ಕಳಿಸಿದೀನಿ?"

ಆ ಮನೆಯಲ್ಲಿ ಸ್ಕೂಟರಿಗೂ ವಿಭೂತಿ, ಮಿಕ್ಸಿಗೂ ವಿಭೂತಿ, ಗ್ಯಾಸಿನ ಒಲೆಗೂ ವಿಭೂತಿ. ಊರವರ ಮುಖದಲ್ಲೆಲ್ಲ ಮೋಸ ಹುಡುಕುವ ದ್ರಾಕ್ಷಾಯಣಿಗೆ ಅದು ಕಣ್ಣೆದುರಿಗಿದ್ದೂ ಕಂಡಿರಲಿಲ್ಲ. ಸೆರಗಿನಿಂದ ಉಜ್ಜಿದಳು. ಕೋಣೆಗೆ ಹೋಗಿ ಗುಂಡಿ ಒತ್ತಿದರೆ ಗೋಡೆಯ ಮೇಲೆ ಕೆಂಪು ಗೆರೆಗಳು ನಿಚ್ಚಳವಾಗಿ ಬಿದ್ದವು. ಇಷ್ಟು ವರ್ಷ ಪ್ರತಿ ಮದುವೆಗೂ ಇದನ್ನು ಒರೆಸಿದ್ದು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅರಸೀಕೆರೆಗೆ ಹೋಗುವ ಬದಲು ಮಾದಿಹಳ್ಳಿಯ ದಾರಿ ಹಿಡಿದಳು. ದಾರಿಯಲ್ಲಿ, ಮುದುಕಿ ನನ್ನನ್ನು ಕಂಡರಾಗದೆ ಬೇಕೆಂದೇ ಮಾಡುತ್ತಿದ್ದಳೇನೋ ಎಂದು ಒಂದು ಗಳಿಗೆ ಯೋಚನೆ ಬಂದದ್ದೂ ನಿಜ. ಬಂದ ಕೂಡಲೇ ನಾಚಿಕೆಯಾದದ್ದೂ ನಿಜ.

ಚೇತನ್‌ಕುಮಾರನ ಹೆಂಡತಿ ಅಕ್ಷತಾ ಬಾಗಿಲು ತೆಗೆದವಳು ನಗಲಿಲ್ಲ, ಆದರೂ ಕುರ್ಚಿ ಹಾಕಿದಳು. ಚೇತನ್‌ಕುಮಾರ್ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದ.

"ತಪ್ಪಾಯ್ತು ಕಣೋ," ಎಂದಳು ದ್ರಾಕ್ಷಾಯಣಿ. ಯಾರಿಗೂ ಆ ಮಾತು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ವಿಭೂತಿ ಅಂತ ಒಂದ್ ಮಾತು ನಂಗೆ ಹೇಳಬಾರದಾಗಿತ್ತಾ?"

"ಹೇಳಿದ್ರೆ ಅಜ್ಜಿನ ಬಿಡ್ತಿದ್ರಾ ನೀವು? ಬೇಕು ಅಂತ್ಲೇ ಮಾಡ್ತವ್ಳೆ ಅಂತಿದ್ರಿ. ಒರೆಸಿದ್ರೆ ಮುಗೀತಲ್ಲ ಅಂತ ಸುಮ್ಕಿದ್ದೆ."

ಅವಳಿಗೆ ದಾರಿಯಲ್ಲಿ ಬಂದ ಯೋಚನೆಯನ್ನು ಇವನು ಎದುರಿಗೆ ಕೂತು ಓದಿದಂತಾಯಿತು.

"ವಾಪಸ್ ಬಾ. ಮುಂದಿನ ವಾರ ಬೇಲೂರಲ್ಲಿ ಕೆಲಸ ಐತೆ."

ಚೇತನ್‌ಕುಮಾರ್ ನೆಲ ನೋಡಿದ. "ಬೇಲೂರು ಸ್ಟುಡಿಯೋದೋರು ಫೋನ್ ಮಾಡ್ತಾನೇ ಇದ್ರು ಅಕ್ಕಾ. ನಿಮ್ಮೆದುರಿಗೆ ಯಾಕೆ ಅಂತ ಆಚೆ ಹೋಗಿ ಒಲ್ಲೆ ಅಂತಿದ್ದೆ. ಆ ಗುಡಿಯಿಂದ ಬಂದ ಮೇಲೆ ಆಯ್ತು ಅಂದ್ಬಿಟ್ಟೆ. ಮಾತು ಕೊಟ್ಟಾಯ್ತು."

ಅವನ ಮೇಲೆ ಕೋಪ ಮಾಡಿಕೊಳ್ಳಲು ಅವಳು ಹುಡುಕಿದಳು, ಎಲ್ಲಿಯೂ ಕೋಪ ಸಿಗಲಿಲ್ಲ. ಬರೀ ದುಃಖ ಸಿಕ್ಕಿತು. ಅಕ್ಷತಾ ತಂದ ಕಾಫಿ ಕುಡಿದು ಎದ್ದಳು. ಚೇತನ್‌ಕುಮಾರ್ ಬಸ್ಸು ನಿಲ್ಲುವ ಕಡೆಯ ತನಕ ಬಂದ. ಇಬ್ಬರೂ ಮರದ ಕೆಳಗೆ ಬಸ್ಸು ಕಾಯುತ್ತ ನಿಂತರು.

"ಮುಂದಿನ ವಾರಕ್ಕೆ ಯಾರನ್ನ ಕರ್ಕೊಂಡು ಹೋಯ್ತೀರಾ?" ಕೊನೆಗೆ ಅವನೇ ಕೇಳಿದ.

"ಯಾರನ್ನ ಅಂತ ನಂಬ್ಲಿ?" ಎಂದಳು ದ್ರಾಕ್ಷಾಯಣಿ, ಎಂದಿನ ಹಾಗೆಯೇ, ತಟ್ಟನೆ.

ಆಡಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಚೇತನ್‌ಕುಮಾರ್ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದ. ಅವಳು ಹತ್ತಿ ಕೂತಳು, ತಿರುಗಿ ನೋಡಲು ಮಾತ್ರ ಅವಳಿಗೆ ಧೈರ್ಯವಾಗಲಿಲ್ಲ.