ಅಜ್ಜಿಗೆ ಸರ್ಕಾರ ಬಿಟ್ಟ ದೋಣಿ

“ತಂಗಿ, ಅದೊಂದು ಸಾಲು ಇನ್ನೊಂದ್ಸಲ ಓದೆ,” ಎಂದು ಆ ಹಿರಿಯ ಹೆಂಗಸು ನನ್ನ ಕೈ ಹಿಡಿದುಕೊಂಡರು.

ನಾನು ಕೆಲಸ ಮಾಡುವ ಕಾರವಾರದ ಗ್ರಂಥಾಲಯದಲ್ಲಿ ಕಾನೂನು, ಆಡಳಿತ, ವ್ಯಾಪಾರದ ಹಳೆಯ ಅಚ್ಚಿನ ಪುಸ್ತಕಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದೆವು. ಹತ್ತಿರದ ಕಿನ್ನರ ಹಳ್ಳಿಯಿಂದ ಪೇಟೆಗೆ ಬಂದಿದ್ದ ಅವರು ಒಳಗೆ ಬಂದು, ಕಾಳಿ ನದಿಯ ದೋಣಿಗಳ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದ್ದರು. ಜನರನ್ನು ನದಿ ದಾಟಿಸುವ ತಾರಿ ದೋಣಿಗಳ ಬಗ್ಗೆ ಬ್ರಿಟಿಷರ ಕಾಲದಲ್ಲಿ ಬಂದ ನಿಯಮ ಪುಸ್ತಕವನ್ನು ತೆರೆದು ಓದುತ್ತಾ ಹೋದೆ. ಆಗ ಬಂತು ಆ ಸಾಲು: ‘ಹೆರಿಗೆಗೆ ಹೊರಟ ಸೂಲಗಿತ್ತಿಯನ್ನು ಯಾವ ಹೊತ್ತಿನಲ್ಲಾದರೂ ಬಾಡಿಗೆ ಕೇಳದೆ ದಾಟಿಸತಕ್ಕದ್ದು.’

ಎರಡನೇ ಸಲ ಓದಿದ್ದೇ ತಡ, ಅವರು ಜೋರಾಗಿ ನಕ್ಕುಬಿಟ್ಟರು. “ನಮ್ಮಜ್ಜಿ ಸೂಲಗಿತ್ತಿ. ‘ಸರ್ಕಾರ ನಂಗೆ ದೋಣಿ ಬಿಟ್ಟದೆ’ ಅಂತ ಹೇಳ್ತಿತ್ತು. ಬಡಾಯಿ ಅಂತ ನಾವೆಲ್ಲ ನಗಾಡ್ತಿದ್ವಿ!”

ಅಲ್ಲಿಂದಲೇ ಅಣ್ಣನಿಗೆ ಫೋನ್ ಹಚ್ಚಿ ನನ್ನಿಂದ ಮತ್ತೆ ಓದಿಸಿದರು. ಅಜ್ಜಿಯ ಮಾತಿಗೆ ಎಲ್ಲರಿಗಿಂತ ಹೆಚ್ಚು ನಗಾಡಿದವರು ಆ ಅಣ್ಣನೇ ಅಂತೆ. ಆ ಕಡೆಯಿಂದ, “ಹಾಂಗಾರೆ ಅಜ್ಜಿದೇ ಸರಿ. ನಮ್ದೇ ತಪ್ಪಾಯ್ತು,” ಎಂಬ ದನಿ ಕೇಳಿತು.

ಅಜ್ಜಿಯ ಒಂದು ಫೋಟೊ ಕೂಡ ಅವರ ಮನೆಯಲ್ಲಿ ಇಲ್ಲವಂತೆ. ಆ ಪುಟದ ಝೆರಾಕ್ಸ್ ಮಾಡಿಸಿಕೊಟ್ಟೆ. “ಇದಕ್ಕೇ ಕಟ್ಟು ಹಾಕ್ಸಿ ಗೋಡೆಗೆ ತೂಗಾಕ್ತೆ,” ಎನ್ನುತ್ತಾ ಖುಷಿಯಿಂದ ಬಸ್ ಸ್ಟ್ಯಾಂಡಿನತ್ತ ನಡೆದರು.

ಇಷ್ಟು ವರ್ಷ ಆ ಪುಸ್ತಕಗಳ ಧೂಳು ಒರೆಸುತ್ತಿದ್ದೆನೇ ಹೊರತು ಒಂದನ್ನೂ ಓದಿರಲಿಲ್ಲ. ಈಗ ಅಂಕೋಲಾದ ನನ್ನ ಮನೆಗೆ ಹೋಗಲು ಸಂಜೆ ಬಸ್ಸು ಹಿಡಿಯುವ ಮೊದಲು ದಿನಕ್ಕೆರಡು ಪುಟ ಓದುತ್ತೇನೆ. ಇನ್ಯಾರ ಅಜ್ಜಿ ಯಾವ ಸಾಲಿನಲ್ಲಿ ಕಾಯುತ್ತಿದ್ದಾರೋ!