ಮೈದಾನದಲ್ಲಿ ಕೇಳಿದ ಕನ್ನಡ

ನಾನು ಎಂಟು ವರ್ಷ ಆಡಿದ ಆಟದ ಹೆಸರು ಹೇಳಿದರೆ ಊರಿನಲ್ಲಿ ಈಗಲೂ ನಗುತ್ತಾರೆ. ಆಸ್ಟ್ರೇಲಿಯನ್ ಫುಟ್‌ಬಾಲ್. ನಾನು ಮಣಿಪಾಲದಲ್ಲಿ ಓದುತ್ತಿದ್ದಾಗ ಆ ದೇಶದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಸಾಂಬಾರು ಸೌತೆಯಂಥ ಚೆಂಡು ತಂದು ನಮಗೆ ಕಲಿಸಿದಳು. ಚೆಂಡನ್ನು ಹಿಡಿದು ಓಡಬಹುದು, ಒದೆಯಬಹುದು, ಎದುರಾಳಿಯ ಬೆನ್ನೇರಿ ಗಾಳಿಯಲ್ಲೇ ಹಿಡಿಯಬಹುದು. ಹೆಣ್ಣುಮಕ್ಕಳಿಗೆ ಇಷ್ಟು ಧಾರಾಳವಾದ ಬೇರೆ ಆಟವನ್ನು ನಾನು ಕಂಡಿರಲಿಲ್ಲ. ಅವಳು ತನ್ನ ದೇಶಕ್ಕೆ ಮರಳಿದಳು. ಚೆಂಡು ನಮ್ಮಲ್ಲೇ ಉಳಿಯಿತು.

ಭಾನುವಾರ ಕಾಪುವಿನ ಕಡಲತೀರದಲ್ಲಿ ಅಭ್ಯಾಸ. ನಾವೆಲ್ಲ ಆಡುವಾಗ ಕೂಗುವುದು, ಬೈಯುವುದು, ನಗುವುದು ತುಳುವಿನಲ್ಲೇ. ‘ಮುಲ್ಪ ಕೊರ್ಲ’ ಎಂದರೆ ಚೆಂಡನ್ನು ಇಲ್ಲಿಗೆ ಕೊಡು ಎಂದು. ಕನ್ನಡ ನಮಗೆ ಶಾಲೆಗೆ, ಆಫೀಸಿಗೆ, ಬಸ್ಸಿನ ಕಂಡಕ್ಟರಿಗೆ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಒಂದು ಭಾನುವಾರ ಚೆಂಡಿಗಾಗಿ ಹಾರಿದಾಗ ಯಾರದೋ ಮೊಣಕಾಲು ನನ್ನ ಕಿವಿಯ ಹಿಂದೆ ಬಡಿಯಿತು. ಆಮೇಲೆ ನನಗೆ ನೆನಪಿರುವುದು ಕಟಪಾಡಿ ದಾಟುತ್ತಿದ್ದ ಬಸ್ಸು, ನನ್ನ ಕೈಯಲ್ಲಿ ಅರ್ಧ ತಿಂದ ಐಸ್‌ಕ್ಯಾಂಡಿ. ನಡುವೆ ನಾನು ಇಪ್ಪತ್ತು ನಿಮಿಷ ಆಡಿದ್ದೆನಂತೆ. ಎರಡು ಗೋಲು ಹೊಡೆದಿದ್ದೆನಂತೆ. ಅಷ್ಟೂ ಹೊತ್ತು ಗೆಳತಿಯರ ಜೊತೆ ತಪ್ಪಿಲ್ಲದ ಪುಸ್ತಕದ ಕನ್ನಡ ಮಾತಾಡಿದ್ದೆನಂತೆ: ‘ದಯವಿಟ್ಟು ಚೆಂಡನ್ನು ನನಗೆ ಕೊಡಿ.’

‘ಮೈಮೇಲೆ ಬಂದದ್ದಾ ಎಂತ ಮಾರಾಯ್ತಿ?’ ಎಂದು ಗೆಳತಿಯರು ದಾರಿಯಿಡೀ ಕೀಟಲೆ ಮಾಡಿದರು. ನಾನೂ ನಕ್ಕೆ. ಮನೆಗೆ ಬಂದು ಒಬ್ಬಳು ಕಳಿಸಿದ ವಿಡಿಯೋ ನೋಡಿದಾಗ ಮಾತ್ರ ಬೆನ್ನು ತಣ್ಣಗಾಯಿತು. ನನ್ನ ಅಂಗಿ, ನನ್ನ ಜಡೆ. ಆದರೆ ಓಡುತ್ತಿದ್ದವಳಿಗೆ ಅಂಜಿಕೆಯೇ ಇರಲಿಲ್ಲ, ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಗೋಲು ಹೊಡೆದು ಕ್ಯಾಮೆರಾದತ್ತ ತಿರುಗಿ ನಕ್ಕಳು, ಪರಿಚಯವಿಲ್ಲದವರನ್ನು ಕಂಡು ಮರ್ಯಾದೆಗೆ ನಗುವ ಹಾಗೆ. ನಾನು ವಿಡಿಯೋವನ್ನು ಅಳಿಸಿದೆ. ಡಾಕ್ಟರು ಇದು ತಲೆಗೆ ಬಿದ್ದ ಪೆಟ್ಟಿನ ಪರಿಣಾಮ, ಆ ಸ್ಥಿತಿಯಲ್ಲಿ ಇನ್ನೊಂದು ಪೆಟ್ಟು ಬಿದ್ದಿದ್ದರೆ ಕಷ್ಟವಿತ್ತು ಎಂದು ಬೈದರು. ಅದನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ.

ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟು ಕಾರ್ಕಳದಲ್ಲಿ ಹುಡುಗಿಯರ ತಂಡಕ್ಕೆ ಕೋಚ್ ಆದೆ. ಬಾಯಿ ಜೋರು, ಸೋತರೆ ಎರಡು ದಿನ ಯಾರ ಜೊತೆಗೂ ಮಾತಿಲ್ಲ, ಅಂಥ ಕೋಚು. ಅಜೆಕಾರಿನಿಂದ ಬರುತ್ತಿದ್ದ ನರ್ಸಿಂಗ್ ಓದುವ ಹುಡುಗಿಯೊಬ್ಬಳು ನಮ್ಮ ತಂಡದ ಜೀವ. ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಮ್ಮ ಮಾತೆಲ್ಲ ತುಳುವಿನಲ್ಲೇ. ರಾಜ್ಯ ತಂಡಕ್ಕೆ ಆಯ್ಕೆ ಮಾಡುವವರು ಬಂದಿದ್ದ ಪಂದ್ಯದಲ್ಲಿ, ಮಟಮಟ ಮಧ್ಯಾಹ್ನ, ಅವಳ ತಲೆಗೆ ಇನ್ನೊಬ್ಬಳ ಮೊಣಕೈ ತಾಗಿತು. ಬಿದ್ದಳು, ಎದ್ದಳು, ನೀರು ಕುಡಿಯಲು ನನ್ನ ಬಳಿ ಬಂದಳು.

‘ನನಗೆ ಏನೂ ಆಗಿಲ್ಲ. ನಾನು ಆಟವನ್ನು ಮುಂದುವರಿಸುತ್ತೇನೆ,’ ಎಂದಳು. ಕನ್ನಡದಲ್ಲಿ. ಮುಖದಲ್ಲಿ ಅದೇ ಮರ್ಯಾದೆಯ ನಗು. ಆ ಬಿಸಿಲಿನಲ್ಲಿ ನನ್ನ ತೋಳಿನ ರೋಮ ನೆಟ್ಟಗಾಯಿತು. ಎದುರು ನಿಂತಿದ್ದವಳು ಅವಳಲ್ಲ ಎಂದು ಆ ಮೈದಾನದಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಬದಲಿ ಆಟಗಾರ್ತಿ ಶೂ ಬಿಗಿದು ನನ್ನ ಪಕ್ಕದಲ್ಲೇ ಕೂತಿದ್ದಳು. ಅಂಕ ಸಮ ಇತ್ತು.

‘ಹೋಗು’ ಎಂದೆ.

ನಾಲ್ಕು ನಿಮಿಷ ಅವಳು ಆಡಿದಳು. ಐದನೆಯ ನಿಮಿಷ ಅವಳ ತಲೆ ನೆಲಕ್ಕೆ ಅಪ್ಪಳಿಸಿತು, ಈ ಸಲ ಏಳಲಿಲ್ಲ. ಹನ್ನೊಂದು ದಿನ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ತಲೆನೋವು. ಒಂದು ಪುಟ ಓದಿದರೆ ವಾಂತಿ. ಓದಿನ ಒಂದು ವರ್ಷ ಹೋಯಿತು. ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು: ಅವಳೇ ಎದ್ದು ಬಂದದ್ದಲ್ವಾ, ನಿನಗೆ ಹೇಗೆ ಗೊತ್ತಾಗಬೇಕು? ನಾನು ತಲೆಯಾಡಿಸಿದೆ. ಹೇಡಿತನ ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ.

ಕಳೆದ ತಿಂಗಳು ಆ ಹುಡುಗಿ, ಅವಳ ತಾಯಿ ಇಬ್ಬರೂ ಉಡುಪಿಯ ನನ್ನ ಬಾಡಿಗೆ ಮನೆಗೆ ಬಂದರು. ಅವರು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಆಡಬಹುದು ಅಂತ ಡಾಕ್ಟ್ರು ಹೇಳಿದ್ದುಂಟು,’ ಎಂದರು ತಾಯಿ. ‘ಆದ್ರೆ ನೀವು ಹೂಂ ಅಂದ್ರೆ ಮಾತ್ರ ಕಳಿಸುವುದು. ನಿಮ್ಮ ಕಣ್ಣು ಇದ್ರೆ ನನಗೆ ಹೆದರಿಕೆ ಇಲ್ಲ.’

ಮಗಳು ನನ್ನನ್ನೇ ನೋಡುತ್ತಿದ್ದಳು. ಇನ್ನು ತಡೆಯಲು ನನ್ನಿಂದ ಆಗಲಿಲ್ಲ. ನನಗೆ ಆ ದಿನ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದೆ ಎಂದೆ. ಕಾಪುವಿನ ಕಥೆಯನ್ನೂ ಹೇಳಿದೆ. ತಾಯಿ ಕಾಫಿ ಲೋಟವನ್ನು ಕೆಳಗಿಟ್ಟು, ಮಗಳ ಕೈ ಹಿಡಿದು ಎದ್ದರು. ಅವರು ಚಪ್ಪಲಿ ಹಾಕಿಕೊಳ್ಳುವಾಗ ನಾನು ಬಾಗಿಲಲ್ಲಿ ನಿಂತಿದ್ದೆ.

ಗೇಟಿನಿಂದ ಹುಡುಗಿ ಒಬ್ಬಳೇ ಓಡಿ ಬಂದಳು.

‘ಅಕ್ಕಾ, ಆ ನಾಲ್ಕು ನಿಮಿಷ ನಾನು ಹೇಗೆ ಆಡಿದ್ದು?’

ಸುಳ್ಳು ಹೇಳಬೇಕಿತ್ತು.

‘ಅಷ್ಟು ಚೆಂದ ನೀನು ಯಾವತ್ತೂ ಆಡಿದ್ದಿಲ್ಲ,’ ಎಂದೆ.

ಅವಳ ಮುಖ ಅರಳಿತು. ‘ಹಾಗಾದ್ರೆ ನಾಳೆಯಿಂದ ಬರ್ತೇನೆ,’ ಎಂದಳು.